ಹಂಚಿಕೊಂಡ ಗೋಡೆ: ಬೆಂಗಳೂರಿನ ಗ್ರೂಪ್ ಶೋ, ಕಲಾಮಂದಿರದಿಂದ ಪೀಣ್ಯ–ದಾಸರಹಳ್ಳಿಯವರೆಗೆ

ಕೆಲವು ಕಲಾವಿದರು ಸೇರಿ ಒಂದೇ ಜಾಗದಲ್ಲಿ, ಒಂದೇ ವಾರ ತಮ್ಮ ಕೃತಿಗಳನ್ನು ತೋರಿಸುವುದಕ್ಕೆ ಸಮೂಹ ಕಲಾಪ್ರದರ್ಶನ ಎಂದು ಹೆಸರು. ಬೆಂಗಳೂರಿನ ಕಲಾವಿದರ ಬಾಯಲ್ಲಿ ಅದು ‘ಗ್ರೂಪ್ ಶೋ’. ಕಲಾಶಾಲೆಯ ಓದು ಮುಗಿಸಿ ಒಂದೆರಡು ವರ್ಷವಾದ ಹುಡುಗ ಹುಡುಗಿಯರು ಸಾಮಾನ್ಯವಾಗಿ ಮೊದಲು ಹತ್ತುವ ಮೆಟ್ಟಿಲು ಇದು. ಏಕವ್ಯಕ್ತಿ ಪ್ರದರ್ಶನ ಆಮೇಲಿನ ಮಾತು. ಇದಕ್ಕೆ ಕಾರಣ ಬಹುಮಟ್ಟಿಗೆ ದುಡ್ಡಿನ ಲೆಕ್ಕ. ಹಾಲಿನ ಬಾಡಿಗೆ, ಫ್ರೇಮಿನ ಖರ್ಚು, ಆಹ್ವಾನ ಪತ್ರಿಕೆಯ ಮುದ್ರಣ, ಕ್ಯಾನ್ವಾಸ್‌ಗಳನ್ನು ಹೊತ್ತು ತರುವ ಟೆಂಪೊ, ಉದ್ಘಾಟನೆಯ ಸಂಜೆಯ ಚಹಾ ಬಿಸ್ಕತ್ತು ಇವೆಲ್ಲ ಒಬ್ಬರ ಹೆಗಲಿಗೆ ಭಾರ, ಆರು ಮಂದಿಗೆ ಹಗುರ. ಗುಂಪಿಗೊಂದು ಹೆಸರು, ಹೆಸರಿಗೊಂದು ಆಶಯ, ಆಶಯಕ್ಕೊಂದು ಪುಟದ ಟಿಪ್ಪಣಿ ಹೆಚ್ಚಿನ ಸಲ ಹುಟ್ಟುವುದು ಮುಂಗಡ ಕಟ್ಟಿದ ಮೇಲೆಯೇ. ಆದರೆ ಒಬ್ಬರ ಚಿತ್ರದ ಪಕ್ಕ ಇನ್ನೊಬ್ಬರ ಚಿತ್ರ ನಿಂತ ಕೂಡಲೇ ನೋಡುವವರು ಹೋಲಿಸತೊಡಗುತ್ತಾರೆ: ಇವರು ಎಲ್ಲಿಯವರು, ಯಾರ ಶಿಷ್ಯರು, ಯಾವ ಊರಿನ ಬಣ್ಣ ಇದು, ಯಾಕೆ ಒಟ್ಟಿಗಿದ್ದಾರೆ? ಕನ್ನಡದಲ್ಲಿ ಈಗ ‘ಅಸ್ಮಿತೆ’ ಎನ್ನುವ ಸಂಗತಿ ಗ್ರೂಪ್ ಶೋದೊಳಗೆ ಬಂದದ್ದು ಹೀಗೆ, ಹಿತ್ತಿಲ ಬಾಗಿಲಿನಿಂದ.

ಈ ಪ್ರದರ್ಶನಗಳ ಭೂಗೋಳವೂ ಗಮನಿಸತಕ್ಕದ್ದೇ. ಬೆಂಗಳೂರಿನ ಹೆಸರಾಂತ ಕಲಾ ಗ್ಯಾಲರಿಗಳು ಬಹುಕಾಲ ಕಸ್ತೂರ್ಬಾ ರಸ್ತೆ, ಕುಮಾರಕೃಪಾ ರಸ್ತೆ, ಜೆ.ಸಿ. ರಸ್ತೆ, ಅರಮನೆ ರಸ್ತೆಗಳ ಆಸುಪಾಸಿನಲ್ಲೇ ಉಳಿದವು. ತುಮಕೂರು ರಸ್ತೆಯ ಮೇಲಿನ ಟಿ. ದಾಸರಹಳ್ಳಿಯಂಥ ಊರು ಈ ನಕ್ಷೆಯ ಹೊರಗಿತ್ತು. ಅಲ್ಲಿ ಚಿತ್ರ ಬರೆಯುವವರು ಇರಲಿಲ್ಲವೆಂದಲ್ಲ. ಅಂಗಡಿ ಬೋರ್ಡು, ಲಾರಿಯ ಹಿಂಬದಿ, ದೇವಸ್ಥಾನದ ಗೋಪುರ ಇವೇ ಅವರ ಗೋಡೆಗಳು, ಮತ್ತು ಆ ಕೆಲಸವನ್ನು ಯಾರೂ ಪ್ರದರ್ಶನ ಎನ್ನುತ್ತಿರಲಿಲ್ಲ. ಎರಡು ಬಗೆಯ ಗೋಡೆಗಳ ನಡುವಿನ ಈ ದೂರ ಕಡಿಮೆಯಾದದ್ದು 21ನೇ ಶತಮಾನದ ಎರಡನೇ ದಶಕದಲ್ಲಿ, ಅದೂ ಮೆಟ್ರೊ ಹಳಿಯ ಜೊತೆಗೆ.

ಕಥೆ ಆರಂಭವಾಗುವುದು ಕಲಾವಿದನ ಗುರುತು ಅವನ ಮನೆತನವೇ ಆಗಿದ್ದ ಕಾಲದಲ್ಲಿ. ಮೈಸೂರು ಸಂಸ್ಥಾನದಲ್ಲಿ ಚಿತ್ರಗಾರ ಕುಟುಂಬಗಳು ತಲೆಮಾರಿನಿಂದ ತಲೆಮಾರಿಗೆ ಅರಮನೆ, ಮಠ, ದೇವಸ್ಥಾನಗಳಿಗೆ ಕೆಲಸ ಮಾಡುತ್ತಿದ್ದವು. ಚಿನ್ನದ ರೇಕು ಹಚ್ಚಿದ ಪಟಗಳ ಮೇಲೆ ಬರೆದವನ ಸಹಿ ಇರುವುದು ಅಪರೂಪ. ಯಾವ ಮನೆಯ ಕೈ ಎಂದು ತಿಳಿದವರಿಗೆ ತಿಳಿಯುತ್ತಿತ್ತು, ಅಷ್ಟು ಸಾಕಾಗಿತ್ತು. ಅರಮನೆಯ ಆಶ್ರಯದ ದಸರಾ ವಸ್ತುಪ್ರದರ್ಶನ 19ನೇ ಶತಮಾನದ ಕೊನೆಯಲ್ಲಿ ಶುರುವಾದಾಗ ಹಲವರ ಕೈಕೆಲಸ ಒಂದೇ ಸೂರಿನಡಿ ಸಾರ್ವಜನಿಕರ ಕಣ್ಣಿಗೆ ಬೀಳತೊಡಗಿತು. ರೇಷ್ಮೆ, ಗಂಧದ ಕೆತ್ತನೆ, ಬೇಸಾಯದ ಸಲಕರಣೆಗಳ ಸಾಲಿನಲ್ಲೇ ಚಿತ್ರಗಳೂ ಬಂದವು. ಅಲ್ಲಿ ಚಿತ್ರ ಕಸುಬಿನ ಮಾದರಿ, ಬರೆದವನು ಕಸುಬುದಾರ.

ಚಿತ್ರಗಾರ ಮನೆತನದಿಂದ ಹೊರಟು ಆಧುನಿಕ ಕಲಾವಿದನಾಗಿ ನಿಂತವರು ಕೆ. ವೆಂಕಟಪ್ಪ (1886–1965). ಸಂಸ್ಥಾನದ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಬಳಿ ಕಲಿತರು. ಅಲ್ಲಿನ ವಾತಾವರಣವೇ ಗುಂಪಿನದು. 1907ರಲ್ಲಿ ಹುಟ್ಟಿದ ಇಂಡಿಯನ್ ಸೊಸೈಟಿ ಆಫ್ ಓರಿಯೆಂಟಲ್ ಆರ್ಟ್ ಅವನೀಂದ್ರರ ಬಳಗದ ಕೃತಿಗಳನ್ನು ಒಟ್ಟಾಗಿ ಜನರ ಮುಂದಿಡುತ್ತಿತ್ತು, ಅವುಗಳ ಹಿಂದೆ ‘ಭಾರತೀಯ ಚಿತ್ರ ಎಂದರೇನು’ ಎಂಬ ಒಂದೇ ವಾದ ಇತ್ತು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಪುರಾಣಕಥೆಗಳ ಪುಸ್ತಕಕ್ಕೆ ಆ ಬಳಗ ಚಿತ್ರ ಒದಗಿಸಿದಾಗ ನಂದಲಾಲ್ ಬೋಸರ ಜೊತೆಗೆ ವೆಂಕಟಪ್ಪನವರ ಚಿತ್ರಗಳೂ ಇದ್ದವು. ಊರಿಗೆ ಮರಳಿದ ಮೇಲೆ ಮಾತ್ರ ಅವರು ಬಳಗವನ್ನೇ ಬಿಟ್ಟರು. ಊಟಿಯ ಜಲವರ್ಣಗಳು, ವೀಣೆ, ಕಟ್ಟುನಿಟ್ಟಿನ ದಿನಚರಿ, ಅರಮನೆಯೊಂದಿಗಿನ ವ್ಯಾಜ್ಯ ಎಲ್ಲವೂ ಒಬ್ಬಂಟಿಯ ಬಾಳು. ಮುಂದೆ ರಾಜ್ಯದ ಅತಿ ಹೆಚ್ಚು ಗ್ರೂಪ್ ಶೋಗಳನ್ನು ಕಂಡ ಕಟ್ಟಡಗಳಲ್ಲೊಂದಕ್ಕೆ ಇಂಥ ಏಕಾಂಗಿಯ ಹೆಸರೇ ಬಿದ್ದದ್ದು ಕಾಲದ ತಮಾಷೆ.

ಗುಂಪಿನ ಅಭ್ಯಾಸ ಬೆಂಗಳೂರಿಗೆ ಬಂದದ್ದು ಶಾಲೆಗಳ ಮೂಲಕ. ಎ.ಎನ್. ಸುಬ್ಬರಾಯರು 1919ರಲ್ಲಿ ಕಲಾಮಂದಿರವನ್ನು ಸ್ಥಾಪಿಸಿದರು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರ ಕಲಾಶಾಲೆ 1930ರ ದಶಕದಲ್ಲಿ ನೆಲೆ ಕಂಡಿತು. ಮುಂಬೈಯಲ್ಲಿ ಜಿ.ಎಸ್. ದಂಡಾವತಿಮಠರ ನೂತನ ಕಲಾಮಂದಿರ ಕನ್ನಡದ ಹುಡುಗರಿಗೆ ಆಸರೆಯಾಯಿತು. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಹೋದ ಕೆ.ಕೆ. ಹೆಬ್ಬಾರ್ (1911–1996) ಆರಂಭದಲ್ಲಿ ಕಲಿತದ್ದು ಅಲ್ಲೇ. ಇಂಥ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಚಿತ್ರಗಳನ್ನು ಗೋಡೆಗೆ ಹಾಕುವುದು, ಊರಿನ ಗಣ್ಯರನ್ನು ಕರೆಸುವುದು ರೂಢಿ. ಡ್ರಾಯಿಂಗ್ ಮಾಸ್ತರರ ಕೆಲಸಕ್ಕೆ ಬೇಕಾದ ಸರ್ಟಿಫಿಕೇಟು ಕೊಡುವುದು ಅವುಗಳ ಮುಖ್ಯ ಕಾರ್ಯವಾದ್ದರಿಂದ ಆ ಪ್ರದರ್ಶನಗಳಲ್ಲಿ ನಿಶ್ಚಲ ವಸ್ತುಚಿತ್ರ, ಭಾವಚಿತ್ರ, ನಿಸರ್ಗದ ನೋಟಗಳೇ ಹೆಚ್ಚು. ಅಲ್ಲಿ ಕಾಣುತ್ತಿದ್ದದ್ದು ಗುರುವಿನ ಗುರುತು. ಶಿಷ್ಯನದು ಅದರ ನೆರಳಿನಲ್ಲಿ.

ಗುರುವಿನ ಬದಲು ಗೆಳೆಯರನ್ನು ಆಧರಿಸಿದ ಗುಂಪು ಭಾರತದ ದೊಡ್ಡ ನಗರಗಳಲ್ಲಿ 1940ರ ದಶಕದಲ್ಲಿ ಮೂಡಿತು. 1943ರಲ್ಲಿ ಕಲ್ಕತ್ತಾ ಗ್ರೂಪ್, 1944ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ನೇತೃತ್ವದಲ್ಲಿ ಮದರಾಸಿನ ಪ್ರೋಗ್ರೆಸಿವ್ ಪೇಂಟರ್ಸ್ ಅಸೋಸಿಯೇಷನ್, 1947ರಲ್ಲಿ ಮುಂಬೈಯ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್. ಮುಂಬೈ ಗುಂಪಿನ ಆರು ಮಂದಿ, ಅಂದರೆ ಸೋಜಾ, ರಝಾ, ಹುಸೇನ್, ಆರಾ, ಗಾಡೆ, ಬಾಕ್ರೆ, 1949ರಲ್ಲಿ ಒಟ್ಟಾಗಿ ಪ್ರದರ್ಶನ ಮಾಡಿದಾಗ ಅವರಲ್ಲಿ ಒಬ್ಬ ಗೋವಾ ಮೂಲದ ಕ್ರೈಸ್ತ, ಇಬ್ಬರು ಮುಸ್ಲಿಮರು, ಕಾರು ತೊಳೆಯುವ ಕೆಲಸ ಮಾಡಿ ಬಂದ ಒಬ್ಬ ಇದ್ದರು. ವಿಭಜನೆಯ ಬೆನ್ನಿಗೆ ಇಂಥವರು ಒಂದೇ ಗೋಡೆಯನ್ನು ಹಂಚಿಕೊಂಡದ್ದೇ ಯಾವ ಪ್ರಣಾಳಿಕೆಗಿಂತ ಗಟ್ಟಿಯಾದ ಹೇಳಿಕೆ. ಅದೇ ನಗರದಲ್ಲಿದ್ದ ಹೆಬ್ಬಾರರು ಆ ಗುಂಪಿನ ಸದಸ್ಯರಾಗಲಿಲ್ಲ. ಕರಾವಳಿಯ ಯಕ್ಷಗಾನ, ಕೋಳಿ ಅಂಕ, ಹಳ್ಳಿಯ ದುಡಿಮೆಗಳನ್ನು ತಮ್ಮದೇ ದಾರಿಯಲ್ಲಿ ಬಣ್ಣಕ್ಕಿಳಿಸಿದರು.

ಕರ್ನಾಟಕದ ಕಲಾವಿದರ ಮೇಲೆ ಮದರಾಸಿನ ಪ್ರಭಾವ ಇನ್ನೂ ಹತ್ತಿರದ್ದು. ಪಣಿಕ್ಕರ್ ಮತ್ತು ಶಿಷ್ಯರು 1966ರಲ್ಲಿ ಕಟ್ಟಿದ ಚೋಳಮಂಡಲ ಕಲಾವಿದರ ಗ್ರಾಮದಲ್ಲಿ ಮೈಸೂರಿನ ಎಸ್.ಜಿ. ವಾಸುದೇವ್ ಸ್ಥಾಪಕ ಸದಸ್ಯರಲ್ಲೊಬ್ಬರು. ಬಾಟಿಕ್, ತಾಮ್ರದ ತಗಡಿನ ಕೆಲಸದಂಥ ಕರಕುಶಲದಿಂದ ಹೊಟ್ಟೆ ಹೊರೆದುಕೊಂಡು ಚಿತ್ರಕ್ಕೆ ಸಮಯ ಉಳಿಸಿಕೊಳ್ಳುವುದು ಆ ಗ್ರಾಮದ ಹಂಚಿಕೆ. ವಾಸುದೇವ್ 1980ರ ದಶಕದ ಕೊನೆಯಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. ಕೇರಳದಿಂದ ಬಂದು ಇಲ್ಲೇ ದುಡಿದು, ಇಲ್ಲೇ ಕಲಿತು ಹೆಸರಾದ ಯೂಸುಫ್ ಅರಕ್ಕಲ್ ಇನ್ನೊಂದು ಉದಾಹರಣೆ. ಬೆಂಗಳೂರಿನ ಗುಂಪುಗಳಲ್ಲಿ ಒಂದೇ ಊರಿನವರು, ಒಂದೇ ಭಾಷೆಯವರು ಎಂಬುದು ಮೊದಲಿನಿಂದಲೂ ಕಡಿಮೆ. ‘ಬೆಂಗಳೂರು ಶೈಲಿ’ ಎಂಬುದೊಂದು ಗಟ್ಟಿಯಾಗಿ ನಿಲ್ಲದೆ ಹೋದದ್ದಕ್ಕೆ ಇದೂ ಒಂದು ಕಾರಣವಿರಬಹುದು. ಅದನ್ನು ಕೊರತೆ ಎಂದು ಎಣಿಸಬೇಕಾಗಿಲ್ಲ.

ರಾಜ್ಯದೊಳಗೆ ಸಂಸ್ಥೆಗಳು ತಲೆಯೆತ್ತಿದ್ದು 1960ರ ದಶಕದಲ್ಲಿ. 1960ರಲ್ಲಿ ಚಿತ್ರಕಲಾ ಪರಿಷತ್ತು ಸ್ಥಾಪನೆಯಾಯಿತು, ಎಂ.ಎಸ್. ನಂಜುಂಡರಾಯರ ಓಡಾಟದಿಂದ ಅದು ಕುಮಾರಕೃಪಾ ರಸ್ತೆಯ ಬಂಡೆಗಳ ನಡುವೆ ಕಾಲೇಜು, ಗ್ಯಾಲರಿ, ಸಂಗ್ರಹಾಲಯವಾಗಿ ಬೆಳೆಯಿತು. ತೊಗಲುಗೊಂಬೆಗಳನ್ನು ಹಳ್ಳಿ ಹಳ್ಳಿಗಳಿಂದ ಸಂಗ್ರಹಿಸಿ ತಂದದ್ದು ನಂಜುಂಡರಾಯರ ದೊಡ್ಡ ಕೆಲಸ. ಪಟ್ಟಣದ ಕಲಾ ವಿದ್ಯಾರ್ಥಿ ತನ್ನ ತಾತನ ಊರಿನಲ್ಲಿ ತೊಗಲುಗೊಂಬೆ ಆಡಿಸುವ ಗೊಂಬೆರಾಮರ ಬಣ್ಣವನ್ನು ಮೊದಲ ಸಲ ಕಂಡದ್ದು ಗಾಜಿನ ಹಿಂದೆ, ಪರಿಷತ್ತಿನಲ್ಲಿ. ಲಲಿತಕಲಾ ಅಕಾಡೆಮಿ ಹುಟ್ಟಿದ್ದೂ ಅದೇ ದಶಕದಲ್ಲಿ. ಅದರ ವಾರ್ಷಿಕ ಪ್ರದರ್ಶನಕ್ಕೆ ಜಿಲ್ಲೆ ಜಿಲ್ಲೆಗಳಿಂದ ಕೃತಿಗಳು ಬರತೊಡಗಿದವು, ಆಯ್ಕೆ ಸಮಿತಿ ಕೆಲವನ್ನು ತೂಗುಹಾಕಿ ಉಳಿದವನ್ನು ಹಿಂದಿರುಗಿಸತೊಡಗಿತು, ಮತ್ತು ಹಿಂದಿರುಗಿದವರ ಗೊಣಗಾಟದಿಂದ ಸ್ವತಂತ್ರ ಗುಂಪುಗಳಿಗೆ ಬೇಕಾದ ಶಾಖವೂ ಸಿಕ್ಕಿತು.

ಇದೇ ದಶಕದ ಕೊನೆಗೆ ಆರಂಭವಾದ ಕೆನ್ ಕಲಾಶಾಲೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬಾದಾಮಿ ಕಡೆಯಿಂದ ಬಂದ ಆರ್.ಎಂ. ಹಡಪದ್ ಕಟ್ಟಿದ, ಶೇಷಾದ್ರಿಪುರದಲ್ಲಿ ಬೆಳೆದ ಈ ಶಾಲೆಗೆ ದೊಡ್ಡ ಅನುದಾನವಾಗಲಿ ವಿಶಾಲ ಕಟ್ಟಡವಾಗಲಿ ಇರಲಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಿಂದ ರೈಲು ಹತ್ತಿ ಬಂದ, ಶುಲ್ಕ ಕಟ್ಟಲಾಗದ ಹುಡುಗರಿಗೂ ಅಲ್ಲಿ ಜಾಗವಿತ್ತು. ಮೇಷ್ಟ್ರ ಜೊತೆಗಿನ ಮಾತು, ಚಹಾ, ರಾತ್ರಿಯವರೆಗಿನ ಕೆಲಸ ಇವೇ ಪಠ್ಯಕ್ರಮ. ತಮ್ಮ ಕೈಯನ್ನು ಶಿಷ್ಯರ ಮೇಲೆ ಹೇರದಿರುವುದು ಹಡಪದರ ವಿಶೇಷ ಎಂದು ಕಲಾವಲಯ ನೆನೆಯುತ್ತದೆ. ಭದ್ರಾವತಿಯಲ್ಲಿ ಹುಟ್ಟಿದ, ಇಂದು ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿ ಕಾಣುವ ಶೀಲಾ ಗೌಡ ಕೆನ್‌ನಲ್ಲಿ ಕಲಿತು ಆಮೇಲೆ ಬರೋಡಾ, ಶಾಂತಿನಿಕೇತನ, ಲಂಡನ್ನಿಗೆ ಹೋದವರು. ಶಾಲೆಯ ಪ್ರದರ್ಶನ ಗುರುವಿನ ಶೈಲಿಯ ಸಾಲುಮರವಾಗದೆ ಶಿಷ್ಯರ ವ್ಯತ್ಯಾಸದ ಸಂತೆಯಾದದ್ದು ಇಂಥ ಕಡೆ.

ಹೊರಗಿನ ಗಾಳಿಯೂ ಬದಲಾಗಿತ್ತು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ, 1975ರಲ್ಲಿ ‘ಸಮುದಾಯ’ ರಂಗತಂಡ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ. ಬೀದಿ ನಾಟಕಕ್ಕೆ ಪರದೆ, ಜಾಥಾಕ್ಕೆ ಪೋಸ್ಟರು, ಪುಸ್ತಕಕ್ಕೆ ಮುಖಪುಟ ಬೇಕಾಯಿತು. ಕವಿಗಳು ಜಾತಿ, ಭೂಮಿ, ಹಸಿವುಗಳನ್ನು ನೇರವಾಗಿ ಹೆಸರಿಸುತ್ತಿದ್ದಾಗ ಕ್ಯಾನ್ವಾಸ್ ಮಾತ್ರ ಬಹುಕಾಲ ಅಮೂರ್ತದ ಮಾತಾಡುತ್ತಿತ್ತು. ಸಾಹಿತ್ಯದಲ್ಲಿ ಒಂದು ಸಾಲಿನಲ್ಲಿ ಹೇಳಿಬಿಡಬಹುದಾದ ‘ನಾನು ಇಂಥವನು’ ಎಂಬ ಮಾತು ಕನ್ನಡದ ಚಿತ್ರಕಲೆಯಲ್ಲಿ ಬಾಯಿಬಿಡಲು ಇನ್ನೂ ಹದಿನೈದು ಇಪ್ಪತ್ತು ವರ್ಷ ತೆಗೆದುಕೊಂಡಿತು.

1975ರಲ್ಲಿ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕ ವೆಂಕಟಪ್ಪ ಚಿತ್ರಶಾಲೆ ತೆರೆಯಿತು. ಕಟ್ಟಡದ ಒಂದು ಭಾಗ ವೆಂಕಟಪ್ಪನವರ ಜಲವರ್ಣಗಳಿಗೆ, ಪ್ಲಾಸ್ಟರಿನ ಉಬ್ಬುಚಿತ್ರಗಳಿಗೆ. ಮುಂದೆ ಹೆಬ್ಬಾರರ ಕೃತಿಗಳೂ ಸೇರಿದವು. ಕಲಾವಿದರಿಗೆ ಅದಕ್ಕಿಂತ ಮುಖ್ಯವಾದದ್ದು ಬಾಡಿಗೆಗೆ ಸಿಗುತ್ತಿದ್ದ ಹಾಲುಗಳು. ಖಾಸಗಿ ಗ್ಯಾಲರಿಯ ಮಾಲೀಕರಿಗೆ ಇಷ್ಟವಾಗಲಿ ಬಿಡಲಿ, ಅರ್ಜಿ ಕೊಟ್ಟು ಸರದಿ ಕಾದು, ಕೈಗೆಟಕುವ ಸರ್ಕಾರಿ ದರ ಕಟ್ಟಿದವರಿಗೆ ಗೋಡೆ ಸಿಗುತ್ತಿತ್ತು. ಕಲಬುರಗಿ, ದಾವಣಗೆರೆ, ಗದಗ, ಮೈಸೂರುಗಳಲ್ಲಿ ಕಲಿತವರು ರಾಜಧಾನಿಯಲ್ಲಿ ಮೊದಲು ಮುಖ ತೋರಿಸಿದ್ದು ಹೆಚ್ಚಾಗಿ ಇಲ್ಲಿಯೇ.

ಅಲ್ಲಿನ ಒಂದು ಗ್ರೂಪ್ ಶೋದ ಹಿಂದಿನ ದಿನವನ್ನು ನೋಡಿದರೆ ಆ ಕಾಲದ ರೀತಿ ತಿಳಿಯುತ್ತದೆ. ಹಳೆ ಪತ್ರಿಕೆ, ಸೀರೆಗಳಲ್ಲಿ ಸುತ್ತಿದ ಕ್ಯಾನ್ವಾಸ್‌ಗಳು ಮೆಟ್ಟಿಲ ಬಳಿ ಗೋಡೆಗೊರಗಿರುತ್ತವೆ. ಯಾರದು ಯಾವ ಗೋಡೆ ಎಂಬ ಹಂಚಿಕೆಯೇ ಮೊದಲ ಜಗಳ: ಬಾಗಿಲಿನ ಎದುರಿನ ಗೋಡೆ ಎಲ್ಲರಿಗೂ ಬೇಕು, ಕಿಟಕಿಯ ಪಕ್ಕದ್ದು ಯಾರಿಗೂ ಬೇಡ. ಚೀಟಿ ಎತ್ತಿಯೋ ಹಿರಿಯರೊಬ್ಬರ ಮಾತಿನಿಂದಲೋ ಅದು ತೀರುತ್ತದೆ. ಒಬ್ಬ ಸ್ಟೂಲು ಹತ್ತಿ ನೈಲಾನ್ ದಾರ ಬಿಗಿಯುತ್ತಾನೆ, ಇನ್ನೊಬ್ಬ ದೂರ ನಿಂತು ‘ಎಡಕ್ಕೆ ಸ್ವಲ್ಪ ಇಳಿಸು’ ಎನ್ನುತ್ತಾನೆ. ಹೆಸರಿನ ಚೀಟಿಗಳನ್ನು ಅಂಟಿಸುವಾಗ ಬೆಲೆ ಬರೆಯಬೇಕೇ ಬೇಡವೇ ಎಂದು ಮತ್ತೊಮ್ಮೆ ಚರ್ಚೆ. ಆಹ್ವಾನ ಪತ್ರಿಕೆಯಲ್ಲಿ ಹೆಸರುಗಳ ಸರದಿಯೂ ಸಣ್ಣ ವಿಷಯವಲ್ಲ. ಕನ್ನಡದ ಅಕ್ಷರಮಾಲೆಯಂತೆ ಹಾಕಿದರೆ ಈಶ್ವರ ಮೊದಲು, ಬಸವರಾಜ ಕೊನೆಯ ಕಡೆ. ಇಂಗ್ಲಿಷಿನ ಮೊದಲಕ್ಷರದಂತೆ ಹಾಕಿದರೆ ಬಸವರಾಜ ಮುಂದೆ ಬಂದು ಈಶ್ವರ ಹಿಂದೆ ಬೀಳುತ್ತಾನೆ. ಎರಡೂ ಭಾಷೆಯಲ್ಲಿ ಮುದ್ರಿಸಿದ ಒಂದೇ ಕಾರ್ಡಿನಲ್ಲಿ ಒಂದೇ ಗುಂಪಿಗೆ ಎರಡು ಸಾಲುಗಳು.

1990ರ ದಶಕದಲ್ಲಿ ಕೃತಿಗಳು ಗೋಡೆಯಿಂದ ಕೆಳಗಿಳಿದವು. 1992–93ರ ಕೋಮುಹಿಂಸೆಯ ನಂತರ ಶೀಲಾ ಗೌಡ ತೈಲವರ್ಣ ಬಿಟ್ಟು ಸಗಣಿಯನ್ನು ಕೈಗೆತ್ತಿಕೊಂಡರು. ಅಂಗಳ ಸಾರಿಸುವ, ಬೆರಣಿ ತಟ್ಟುವ ಹೆಂಗಸರ ದಿನನಿತ್ಯದ ವಸ್ತು ಗ್ಯಾಲರಿಯ ನೆಲಕ್ಕೆ ಬಂತು. ಶಿಲ್ಪಿಯಾಗಿ ಹೆಸರು ಮಾಡಿದ್ದ ಪುಷ್ಪಮಾಲಾ ಎನ್. ಕ್ಯಾಮೆರಾದ ಮುಂದೆ ತಾವೇ ವೇಷ ತೊಟ್ಟು ನಿಲ್ಲತೊಡಗಿದರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ರವಿವರ್ಮನ ನಾಯಕಿಯೂ ಅವರೇ, ಬ್ರಿಟಿಷರ ಜನಾಂಗ ಅಧ್ಯಯನದ ಫೋಟೊದಲ್ಲಿ ಅಳತೆಗೆ ನಿಲ್ಲಿಸಿದ ತೊದ ಹೆಂಗಸೂ ಅವರೇ. ದಕ್ಷಿಣದ ಹೆಣ್ಣು ಎಂದರೆ ಹೀಗೆಯೇ ಇರುತ್ತಾಳೆಂದು ಕ್ಯಾಲೆಂಡರು, ಸಿನಿಮಾ, ಪೊಲೀಸ್ ದಾಖಲೆಗಳು ಹೇಳಿಕೊಟ್ಟ ಪಾಠವನ್ನು ಒಂದೊಂದಾಗಿ ಹಾಕಿಕೊಂಡು ಕಳಚುವ ಆಟ ಅದು. ಈ ಹೊತ್ತಿಗೆ ‘ಅಸ್ಮಿತೆ’ ಎಂಬ ಪದ ಕನ್ನಡ ವಿಮರ್ಶೆಯಲ್ಲಿ ನೆಲೆಯೂರಿತ್ತು. ಹಳೆಯ ‘ಗುರುತು’ ಅದಕ್ಕಿಂತ ಹಗುರ, ಆದರೆ ಅಗಲ: ಗಾಯದ ಗುರುತು, ಗುರುತಿನ ಚೀಟಿ, ಗುರುತು ಪರಿಚಯ ಎಲ್ಲವೂ ಅದರಲ್ಲಿವೆ. ಗ್ರೂಪ್ ಶೋಗೆ ಹೆಚ್ಚು ಹೊಂದುವುದು ಈ ಹಳೆಯ ಪದವೇ.

ಇಂಥ ಕೆಲಸಕ್ಕೆ ಸರ್ಕಾರಿ ಹಾಲು ಒಗ್ಗಲಿಲ್ಲ, ಮಾರಾಟಕ್ಕೆ ನಿಂತ ಗ್ಯಾಲರಿಗೂ ಅದು ಬೇಕಿರಲಿಲ್ಲ. ಹಾಗಾಗಿ ಕಲಾವಿದರು ತಮ್ಮದೇ ಜಾಗಗಳನ್ನು ಹುಡುಕಿದರು. ಹೊಸ ಶತಮಾನದ ಆರಂಭದಲ್ಲಿ ಶೀಲಾ ಗೌಡ, ಕ್ರಿಸ್ಟೋಫ್ ಸ್ಟೋರ್ಜ್, ಆಯಿಷಾ ಅಬ್ರಹಾಂ, ಸುರೇಖಾ ಮೊದಲಾದವರ ನಡುವೆ ‘ಬಾರ್1’ ಎಂಬ ಕಲಾವಿದರ ವೇದಿಕೆ ರೂಪುಗೊಂಡಿತು. 2003ರಲ್ಲಿ ಸುರೇಶ್ ಜಯರಾಮ್ ಶಾಂತಿನಗರದ ತಮ್ಮ ಮನೆಯನ್ನೇ ‘1 ಶಾಂತಿರೋಡ್’ ಎಂಬ ಸ್ಟುಡಿಯೊ–ಗ್ಯಾಲರಿಯಾಗಿ ತೆರೆದರು. ಕೆಳಗೆ ಪ್ರದರ್ಶನ, ಅಡಿಗೆಮನೆಯಲ್ಲಿ ಹರಟೆ, ಮೇಲೆ ಊರೂರಿಂದ ಬಂದ ಕಲಾವಿದರ ವಾಸ. ಗ್ಯಾಲರಿಗೆ ಹೋಗಲು ಹಿಂಜರಿಯುವ ವಿದ್ಯಾರ್ಥಿಗೆ ಮನೆಗೆ ಹೋಗುವುದು ಕಷ್ಟವಲ್ಲ.

ಬಾಡಿಗೆ ಹಂಚಿಕೊಳ್ಳುವ ಹಳೆಯ ಲೆಕ್ಕವನ್ನೇ ಕಲೆಯ ಕಲ್ಪನೆಯಾಗಿಸಿದ್ದು ‘ಸಮೂಹ’. ಸುರೇಶ್ ಕುಮಾರ್ ಜಿ., ಅರ್ಚನಾ ಪ್ರಸಾದ್, ಶಿವಪ್ರಸಾದ್ ಎಸ್. ಆರಂಭಿಸಿದ ಈ ಯತ್ನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಲಾವಿದರು ಹಣ ಕೂಡಿಸಿ ಜೆ.ಸಿ. ರಸ್ತೆಯ ಎಡಿಎ ರಂಗಮಂದಿರದ ಆವರಣದಲ್ಲಿ ಒಂದು ಜಾಗ ಹಿಡಿದರು. 2009–10ರಲ್ಲಿ 414 ದಿನ, ಒಬ್ಬೊಬ್ಬರಿಗೆ ಕೆಲವು ವಾರ. ತನ್ನ ಪಾಲಿನ ದಿನಗಳಲ್ಲಿ ಯಾರು ಏನು ಬೇಕಾದರೂ ಮಾಡಬಹುದಿತ್ತು. ಅವಧಿ ಮುಗಿದಾಗ ಜಾಗವೂ ಮುಗಿಯಿತು. ಸಂಸ್ಥೆಯಾಗಿ ಬೇರು ಬಿಡುವ ಆಸೆಯನ್ನು ಮೊದಲೇ ಕೈಬಿಟ್ಟದ್ದೇ ಅದರ ಜಾಣತನ. ಚಿಟ್ ಫಂಡಿನ ಲೆಕ್ಕ ಬಲ್ಲ ಬೆಂಗಳೂರಿನವರಿಗೆ ಆ ಏರ್ಪಾಡು ಅರ್ಥವಾಗಲು ಹೆಚ್ಚು ಹೊತ್ತು ಬೇಕಿರಲಿಲ್ಲ.

ಇದಕ್ಕೆ ಪೂರ್ತಿ ಎದುರಾದದ್ದು ಪರಿಷತ್ತು 2000ರ ದಶಕದ ಆರಂಭದಲ್ಲಿ ಶುರುಮಾಡಿದ ಚಿತ್ರಸಂತೆ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯುದ್ದಕ್ಕೂ ಕಲಾವಿದರು ಫುಟ್‌ಪಾತಿನ ಮೇಲೆ ಕೃತಿ ಹರಡಿ ಕೂರುತ್ತಾರೆ, ಸಂಸಾರ ಸಮೇತ ಬಂದ ಜನ ಚೌಕಾಸಿ ಮಾಡಿ ಕೊಳ್ಳುತ್ತಾರೆ. ಕೊರೊನಾದ ಕಾರಣ 2021ರಲ್ಲಿ ಅದು ಆನ್‌ಲೈನಿಗೆ ಹೋಗಬೇಕಾಯಿತು. ಚಿತ್ರಸಂತೆಯಲ್ಲಿ ಕಲಾವಿದ ಒಂದು ಮಳಿಗೆಯ ಸಂಖ್ಯೆ; ಪಕ್ಕದವರು ಯಾರೆಂಬುದು ಅಂದಿನ ಅದೃಷ್ಟ. ಜನರನ್ನು ಚಿತ್ರಗಳ ಹತ್ತಿರ ತಂದ ಮಟ್ಟಿಗೆ ಇದಕ್ಕೆ ಸಮನಾದದ್ದು ರಾಜ್ಯದಲ್ಲಿ ಇನ್ನೊಂದಿಲ್ಲ. ಗುಂಪು ಮಾತ್ರ ಅಲ್ಲಿ ಹುಟ್ಟುವುದಿಲ್ಲ.

ಗೋಡೆ ಯಾರದು ಎಂಬ ಪ್ರಶ್ನೆ ಬಹಿರಂಗವಾಗಿ ಎದ್ದದ್ದು 2016ರಲ್ಲಿ. ವೆಂಕಟಪ್ಪ ಚಿತ್ರಶಾಲೆಯ ನಿರ್ವಹಣೆಯಲ್ಲಿ ಖಾಸಗಿ ಪ್ರತಿಷ್ಠಾನವೊಂದಕ್ಕೆ ಪಾಲು ಕೊಡುವ ಒಪ್ಪಂದ ಸುದ್ದಿಯಾದಾಗ ಕಲಾವಿದರು ವೇದಿಕೆ ಕಟ್ಟಿಕೊಂಡು ಪ್ರತಿಭಟಿಸಿದರು. ಹಿರಿಯರು, ವಿದ್ಯಾರ್ಥಿಗಳು, ಅಮೂರ್ತದವರು, ಇನ್‌ಸ್ಟಲೇಷನ್ನಿನವರು, ಎಂದೂ ಒಬ್ಬರ ಪ್ರದರ್ಶನಕ್ಕೆ ಇನ್ನೊಬ್ಬರು ಹೋಗದಿದ್ದವರು ಒಂದೇ ಅಂಗಳದಲ್ಲಿ ಕೂತರು. ಕಟ್ಟಡ ಚೆನ್ನಾಗಿ ನಡೆಯುತ್ತಿದೆ ಎಂದು ಅವರಲ್ಲಿ ಯಾರೂ ವಾದಿಸಲಿಲ್ಲ. ಕಡಿಮೆ ಬಾಡಿಗೆಯ, ಯಾರ ಆಯ್ಕೆಗೂ ಕಾಯದ ಸಾರ್ವಜನಿಕ ಗೋಡೆ ಒಂದಾದರೂ ಉಳಿಯಲಿ ಎಂಬುದು ಅವರ ಹಟ.

ಅಷ್ಟರಲ್ಲಿ ಉತ್ತರ ಬೆಂಗಳೂರಿನಲ್ಲಿ ಬೇರೊಂದು ಬೆಳವಣಿಗೆ ಆಗಿತ್ತು. 1996ರಲ್ಲಿ ಗೀತಾ ನಾರಾಯಣನ್ ಸ್ಥಾಪಿಸಿದ ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆ ಯಲಹಂಕದಲ್ಲಿ ನೆಲೆಗೊಂಡಿತು. ಅಲ್ಲಿ ಓದುತ್ತಿದ್ದ ಜಸ್ಮೀನ್ ಪತೇಜಾ 2003ರಲ್ಲಿ ವಿದ್ಯಾರ್ಥಿ ಯೋಜನೆಯಾಗಿ ಶುರುಮಾಡಿದ ‘ಬ್ಲ್ಯಾಂಕ್ ನಾಯ್ಸ್’ ಬೀದಿಯಲ್ಲಿ ಹೆಂಗಸರು ಅನುಭವಿಸುವ ಕಿರುಕುಳವನ್ನು ಕುರಿತದ್ದು. ಕಿರುಕುಳಕ್ಕೆ ಒಳಗಾದಾಗ ತೊಟ್ಟಿದ್ದ ಬಟ್ಟೆಗಳನ್ನು ಹೆಂಗಸರಿಂದ ಸಂಗ್ರಹಿಸಿ ತೋರಿಸುವುದು ಅದರ ಒಂದು ಭಾಗ. ಚೂಡಿದಾರ, ಶಾಲೆಯ ಸಮವಸ್ತ್ರ, ಸೀರೆ ಸಾಲಾಗಿ ತೂಗುವಾಗ ಬಟ್ಟೆಯೇ ಕಾರಣ ಎಂಬ ಮಾತಿಗೆ ಬೇರೆ ಉತ್ತರ ಬೇಕಾಗುವುದಿಲ್ಲ. ಇಲ್ಲಿ ಭಾಗವಹಿಸಿದವರಲ್ಲಿ ಬಹಳಷ್ಟು ಮಂದಿ ಕಲಾವಿದರೇ ಅಲ್ಲ.

ಪಶ್ಚಿಮಕ್ಕೆ ತುಮಕೂರು ರಸ್ತೆಯ ಕಡೆ ಹೊರಳಿದರೆ ಪೀಣ್ಯ. 1970ರ ದಶಕದಿಂದ ಬೆಳೆದ ಈ ಕೈಗಾರಿಕಾ ಪ್ರದೇಶದ ಸಾವಿರಾರು ಸಣ್ಣ ಘಟಕಗಳಿಗೆ ದುಡಿಯಲು ಬಂದವರು ಸುತ್ತಲಿನ ಹಳ್ಳಿಗಳನ್ನು ತುಂಬಿದರು. ಟಿ. ದಾಸರಹಳ್ಳಿ, ಬಾಗಲಗುಂಟೆ, ಮಲ್ಲಸಂದ್ರ, ಚೊಕ್ಕಸಂದ್ರಗಳ ಬಾಡಿಗೆ ಮನೆಗಳಲ್ಲಿ ತುಮಕೂರು, ಹಾಸನದವರ ಜೊತೆ ಉತ್ತರ ಕರ್ನಾಟಕದವರು, ಆಮೇಲೆ ಬಿಹಾರ, ಒಡಿಶಾದವರು ಬಂದು ನೆಲೆಸಿದರು. ನಗರಸಭೆಯಾಗಿದ್ದ ದಾಸರಹಳ್ಳಿ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಭಾಗವಾಯಿತು.

ಇಂಥ ಊರಿನ ದೃಶ್ಯಕಲೆ ಬೋರ್ಡು ಬರೆಯುವವರದು. ಮೊದಲು ಸುಣ್ಣದ ದಾರದಿಂದ ಗೆರೆ ಹೊಡೆದು, ಸೀಮೆಸುಣ್ಣದಲ್ಲಿ ಅಕ್ಷರದ ಹಂದರ ಹಾಕಿ, ಎನಾಮೆಲ್ ಬಣ್ಣ ತುಂಬಿ, ಕೊನೆಗೆ ಅಕ್ಷರದ ಒಂದು ಮಗ್ಗುಲಿಗೆ ನೆರಳು ಕೊಡುತ್ತಿದ್ದರು. ಬಲಗಡೆ ಕೆಳಮೂಲೆಯಲ್ಲಿ ಸಣ್ಣದಾಗಿ ಯಾರೋ ಒಬ್ಬರ ಹೆಸರು, ಅದಕ್ಕೆ ಅಂಟಿಕೊಂಡ ‘ಆರ್ಟ್ಸ್’, ಒಂದು ಫೋನ್ ನಂಬರು. ಹತ್ತು ಅಂಗಡಿಗಳ ಸಾಲು ನಾಲ್ಕೈದು ಕೈಗಳ ಗ್ರೂಪ್ ಶೋ ಎಂದು ನೋಡಿದರೆ ತಪ್ಪಿಲ್ಲ. ಫ್ಲೆಕ್ಸ್ ಮುದ್ರಣ ಬಂದ ಮೇಲೆ ಇವರ ಕೆಲಸ ಕುಸಿಯಿತು. ಗಾಂಧಿನಗರದ ಸಿನಿಮಾ ಬ್ಯಾನರು ಬರೆಯುವವರದೂ ಅದೇ ಗತಿ. 2009ರ ಸುಮಾರಿಗೆ ಪಾಲಿಕೆ ಪೋಸ್ಟರ್ ಹಾವಳಿ ತಪ್ಪಿಸಲು ನಗರದ ಗೋಡೆಗಳ ಮೇಲೆ ಚಿತ್ರ ಬರೆಸಿದಾಗ ಕುಂಚ ಹಿಡಿದವರಲ್ಲಿ ಇವರೇ ಹೆಚ್ಚು. ಹಂಪಿಯ ಕಲ್ಲಿನ ರಥ, ಜೋಗ, ಮೈಸೂರು ಅರಮನೆ, ಹುಲಿ, ಯಕ್ಷಗಾನ ಹೀಗೆ ಕರ್ನಾಟಕದ ಗುರುತುಗಳೆಲ್ಲ ಮೈಲುಗಟ್ಟಲೆ ಸಾಲುಗಟ್ಟಿದವು. ಕಲಾಶಾಲೆಯಲ್ಲಿ ಓದಿದವರು ಮೂಗು ಮುರಿದರು. ಆದರೆ ಅಷ್ಟು ಜನ ಕಂಡ ಸಮೂಹ ಪ್ರದರ್ಶನ ಬೆಂಗಳೂರಿನಲ್ಲಿ ಅಪರೂಪ. 2018ರಲ್ಲಿ ಹೈಕೋರ್ಟಿನ ಆದೇಶದಿಂದ ಫ್ಲೆಕ್ಸುಗಳು ಇಳಿದಾಗಲೂ, 2024ರಲ್ಲಿ ಅಂಗಡಿ ಬೋರ್ಡಿನ ಶೇ 60ರಷ್ಟು ಕನ್ನಡವಿರಬೇಕೆಂಬ ಕಾನೂನು ಬಂದಾಗಲೂ ಅಕ್ಷರಗಳು ಮತ್ತೆ ಗೋಡೆಯ ಸುದ್ದಿಯಾದವು.

2014ರ ಮಾರ್ಚಿನಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯ ಕಡೆಗೆ ಮೆಟ್ರೊ ಓಡಿತು. 2015ರ ಮೇ 1ರಂದು ದಾಸರಹಳ್ಳಿ ನಿಲ್ದಾಣ ಸೇರಿದಂತೆ ನಾಗಸಂದ್ರದವರೆಗಿನ ಹಾದಿ ತೆರೆಯಿತು. ಇದರ ನಡುವೆಯೇ ಸೃಷ್ಟಿಯ ವಿದ್ಯಾರ್ಥಿಗಳು, ಅಧ್ಯಾಪಕರು ಮೆಟ್ರೊ ನಿಗಮದ ಸಹಯೋಗದಲ್ಲಿ ‘ಆರ್ಟ್ ಇನ್ ಟ್ರಾನ್ಸಿಟ್’ ಯೋಜನೆಯನ್ನು ಪೀಣ್ಯ ನಿಲ್ದಾಣದಲ್ಲಿ ಆರಂಭಿಸಿದರು. ಹೊಸ ಕಾಂಕ್ರೀಟಿನ ಬರಿಯ ಗೋಡೆಗಳು ಇಪ್ಪತ್ತರ ಆಸುಪಾಸಿನ ಹತ್ತಾರು ಕೈಗಳಿಗೆ ಸಿಕ್ಕವು. ಕಾರ್ಖಾನೆಯ ಪಾಳಿ ಮುಗಿಸಿ ಬರುವವರು ನಿಂತು ಕೇಳುವ ಪ್ರಶ್ನೆಗಳು ಗ್ಯಾಲರಿಯ ವಿಮರ್ಶೆಯಂಥವಲ್ಲ: ಇದು ಯಾರು, ಯಾಕೆ ಬರೆದಿರಿ, ನಮ್ಮ ಊರಿನದು ಯಾಕಿಲ್ಲ? ಬರೆಯುವವರಲ್ಲಿ ಹಲವರಿಗೆ ಪೀಣ್ಯ ಹೊಸ ಜಾಗ. ನೋಡುವವರಲ್ಲಿ ಹಲವರಿಗೆ ಅದು ವಲಸೆ ಬಂದು ನಿಂತ ಊರು. ಯಾರು ಸ್ಥಳೀಕರು ಎಂಬುದು ಎರಡೂ ಕಡೆ ಅಷ್ಟು ಸಲೀಸಲ್ಲ. ಈ ಯೋಜನೆ ಮುಂದೆ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಹೋಗಿ ಹೆಚ್ಚು ಹೆಸರು ಮಾಡಿತು. ಎಂ.ಜಿ. ರಸ್ತೆಯಲ್ಲಿ 2013ರಲ್ಲೇ ಮೆಟ್ರೊ ನಿಗಮದ ರಂಗೋಲಿ ಕಲಾ ಕೇಂದ್ರ ತೆರೆದಿತ್ತು. ಆದರೆ ವಿದ್ಯಾರ್ಥಿಗಳ ಈ ಯೋಜನೆ ಮೊದಲ ಹೆಜ್ಜೆ ಇಟ್ಟದ್ದು ಉತ್ತರದ ಕೈಗಾರಿಕಾ ಅಂಚಿನಲ್ಲಿ.

ಗೋಡೆಯನ್ನು ಇನ್ನೂ ನೇರವಾಗಿ ‘ನಾವು’ ಎನ್ನಲು ಬಳಸಿದ್ದು ಪೂರ್ಣಿಮಾ ಸುಕುಮಾರ್ 2016ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಅರವಾಣಿ ಆರ್ಟ್ ಪ್ರಾಜೆಕ್ಟ್’. ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಇತರ ಹೆಂಗಸರ ಜೊತೆ ಸೇರಿ ಬೀದಿಗೋಡೆಗಳ ಮೇಲೆ ದೊಡ್ಡ ಚಿತ್ರ ಬರೆಯುವ ಗುಂಪು ಇದು. ಆರಂಭದ ಕೆಲಸಗಳಲ್ಲೊಂದು ಕೆ.ಆರ್. ಮಾರುಕಟ್ಟೆಯ ಬಳಿ, ಮುಖಗಳ ಜೊತೆಗೆ ‘ನಾವು ಇದ್ದೇವೆ’ ಎಂಬ ಎರಡೇ ಪದ. ಸಂಜೆಯ ಹೊತ್ತು ಅದೇ ಬೀದಿಯಲ್ಲಿ ಕಣ್ಣು ತಪ್ಪಿಸಿಕೊಂಡು ಓಡಾಡಬೇಕಾದವರು ಹಗಲಲ್ಲಿ ಏಣಿ ಹತ್ತಿ ನಿಂತಾಗ, ಕೆಳಗೆ ಹೂವಿನ ವ್ಯಾಪಾರಿಗಳು ತಲೆಯೆತ್ತಿ ನೋಡಬೇಕಾಯಿತು. ಇವರಲ್ಲಿ ಹೆಚ್ಚಿನವರು ಕಲಾಶಾಲೆಯ ಮುಖ ಕಂಡವರಲ್ಲ, ಗುಂಪಿನಲ್ಲಿ ಬರೆಯುತ್ತಲೇ ಕಲಿತವರು. ‘ಎಲ್ಲೆಡೆಯೂ ಪರಕೀಯರು’ ಎಂಬರ್ಥದ ಹೆಸರಿನಲ್ಲಿ 2024ರಲ್ಲಿ ನಡೆದ 60ನೇ ವೆನಿಸ್ ಬಿನಾಲೆಯಲ್ಲಿ ಈ ಗುಂಪಿನ ಬೃಹತ್ ಭಿತ್ತಿಚಿತ್ರವಿತ್ತು. ಅಲ್ಲಿಯೂ ಕೃತಿಯ ಕೆಳಗಿದ್ದದ್ದು ಗುಂಪಿನ ಹೆಸರು.

2024ರ ನವೆಂಬರಿನಲ್ಲಿ ಮೆಟ್ರೊದ ಇದೇ ಹಾದಿ, ಅಂದರೆ ಹಸಿರು ಮಾರ್ಗ, ನಾಗಸಂದ್ರದಿಂದ ಮಾದಾವರಕ್ಕೆ ಮುಂದುವರಿಯಿತು. ಟಿ. ದಾಸರಹಳ್ಳಿಯಲ್ಲಿ ರೈಲು ಹತ್ತಿದವರು ಪೀಣ್ಯವನ್ನು ದಾಟಿ ಮೆಜೆಸ್ಟಿಕ್ಕಿನಲ್ಲಿ ಇಳಿದು, ನೇರಳೆ ಮಾರ್ಗ ಹಿಡಿದರೆ ಕೆಲವೇ ನಿಮಿಷಕ್ಕೆ ಕಬ್ಬನ್ ಪಾರ್ಕ್ ನಿಲ್ದಾಣ. ಅಲ್ಲಿಂದ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ ನಡೆದು ಹೋಗುವಷ್ಟು ಹತ್ತಿರ.